ಕೃಷಿ ಹೊಂಡದ ಸುತ್ತ ನೆಲಗಪ್ಪೆಗಳು ಹೊಟ್ಟೆ ಬಗೆದು ಬಿದ್ದಿವೆ, ಯಾರ ಕೆಲಸ ಇದು?

ಬೇವಿನಕಟ್ಟೆ (ಹುಮನಾಬಾದ್ ತಾಲೂಕು, ಬೀದರ್)

ಎಲ್ಲರಿಗೂ ನಮಸ್ಕಾರ. ಸಮಸ್ಯೆ ಸ್ವಲ್ಪ ವಿಚಿತ್ರವಾಗಿದೆ, ನಗಬೇಡಿ.

ಎರಡು ವರ್ಷದ ಹಿಂದೆ ಹೊಲದಲ್ಲಿ ಕೃಷಿ ಹೊಂಡ ತೆಗೆಸಿದೆವು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ನಮ್ಮ ಕಡೆ ಕೆಮ್ಮಣ್ಣು, ನೀರು ನಿಲ್ಲುವುದಿಲ್ಲ, ಅದಕ್ಕೇ ಕರಿ ಪ್ಲಾಸ್ಟಿಕ್ ಶೀಟ್ ಹಾಸಿದ್ದೇವೆ. ಈ ಸಲ ಮೃಗಶಿರಾ ಮಳೆ ಒಂದೇ ರಾತ್ರಿ ಜೋರಾಗಿ ಹೊಡೆದು ಹೊಂಡ ಅರ್ಧ ತುಂಬಿತು. ಮರುದಿನ ಸಂಜೆಯಿಂದಲೇ ನೆಲಗಪ್ಪೆಗಳ ಜಾತ್ರೆ ಶುರು. ಕುರ್ರ್ ಅಂತ ಉಸಿರು ಬಿಡದೆ ಕೂಗುತ್ತವಲ್ಲ, ಅವು. ನಮ್ಮ ಮನೆ ಹೊಲದಲ್ಲೇ ಇದೆ. ಅವ್ವನಿಗೆ ನಿದ್ದೆ ಇಲ್ಲ.

ಮೂರನೇ ದಿನ ಮುಂಜಾನೆ ಎಮ್ಮೆ ಹಿಂಡಿ ಹೊಂಡದ ಕಡೆ ಹೋದಾಗ ಏರಿ ಮೇಲೆ 4 ಕಪ್ಪೆ ಸತ್ತು ಬಿದ್ದಿದ್ದವು. ಮಾರನೇ ದಿನ 7. ಇವತ್ತು 6. ಅಂಗಾತ ಬಿದ್ದಿವೆ. ಎದೆ ಮತ್ತು ಹೊಟ್ಟೆ ಸೇರುವ ಜಾಗದಲ್ಲಿ ತೂತು, ಕರುಳು ದಾರದ ಹಾಗೆ ಹೊರಗೆ ಎಳೆದಿದೆ. ಒಳಗಿನ ಕೆಂಪು ಭಾಗ ಏನೂ ಉಳಿದಿಲ್ಲ. ಆದರೆ ತಲೆ ಹಾಗೇ ಇದೆ, ಬೆನ್ನಿನ ಚರ್ಮ ಹಾಗೇ ಇದೆ, ಕಾಲೂ ಇವೆ. ತಿನ್ನುವುದಕ್ಕೆ ಕೊಂದರೆ ಇಷ್ಟೊಂದು ಯಾಕೆ ಬಿಟ್ಟು ಹೋಗಬೇಕು?

ಎಲ್ಲವೂ ಒಂದೇ ಥರ ಇದ್ದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಒಂದು ಕಪ್ಪೆ ಹೊಟ್ಟೆ ಒಡೆದಿರಲಿಲ್ಲ, ಬೆನ್ನಿನ ಮೇಲೆ ಎರಡು ಮೂರು ಹಲ್ಲಿನ ತೂತು ಮಾತ್ರ. ಅದು ಹೊಂಡದಿಂದ ದೂರ, ಬಂಡಿ ದಾರಿಯಲ್ಲಿ ಬಿದ್ದಿತ್ತು. ಇನ್ನೊಂದರ ಹಿಂಗಾಲಿನ ಚರ್ಮ ಪೈಜಾಮ ಕಳಚಿದ ಹಾಗೆ ಕಳಚಿ ಪಾದದ ಹತ್ತಿರ ಮುದ್ದೆಯಾಗಿತ್ತು, ತೊಡೆಯ ಮಾಂಸ ಇಲ್ಲ. ನೀರಿನಲ್ಲಿ ಮೂರು ತೇಲುತ್ತಿದ್ದವು, ಮೈ ಮೇಲೆ ಒಂದು ಗೀರೂ ಇಲ್ಲ. ಮತ್ತೆ ಏರಿ ಮೇಲೆ ಎರಡು ಕಡೆ ಬಿಳಿ ಲೋಳೆ, ಗಂಜಿ ಚೆಲ್ಲಿದ ಹಾಗೆ. ಒಂದರಲ್ಲಿ ಸಾಸಿವೆಯಂಥ ಕಪ್ಪು ಕಾಳು ಇದ್ದವು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಮುಂಗುಸಿ ಅಂತಾನೆ, ಬದುವಿನಲ್ಲಿ ಒಂದು ಜೋಡಿ ಇದೆ. ಕಾಕಾ ನಾಗರಹಾವು ಅಂತಾನೆ. ಪಕ್ಕದ ಹೊಲದವರು ಯಾರೋ ನೀರಿಗೆ ಔಷಧ ಹಾಕಿದ್ದಾರೆ ಅಂತ ಹೆದರಿಸಿ ಹೋದರು. ಎಮ್ಮೆ ಅದೇ ನೀರು ಕುಡಿಯುತ್ತವೆ, ಅದಕ್ಕೇ ಜಾಸ್ತಿ ಚಿಂತೆ. ಬೋನು ಇಡಬೇಕಾ? ಇಟ್ಟರೆ ಯಾವುದಕ್ಕೆ ಇಡಬೇಕು?

---

ಜೇವರ್ಗಿ ಕರಿಮಣ್ಣು

ಹಾವೇ ಇರಬೇಕು. ಕಪ್ಪೆ ಜಾಸ್ತಿಯಾದ ಕಡೆ ಹಾವು ಬರುತ್ತದೆ, ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ರಾತ್ರಿ ಬ್ಯಾಟರಿ ಇಲ್ಲದೆ ಹೋಗಬೇಡಿ ಅಷ್ಟೇ.

---

ಚಿಂಚೋಳಿ ಅಡವಿ

ಬ್ಯಾಟರಿ ಮಾತು ಸರಿ, ಹಾವಿನ ಮಾತು ತಪ್ಪು. ಹಾವು ಬಂದಿರಬಹುದು, ತಿಂದೂ ಇರಬಹುದು, ಆದರೆ ಈ ಹೆಣಗಳು ಅದರವಲ್ಲ. ಹಾವಿಗೆ ಹರಿಯುವುದಕ್ಕೆ ಕೈ ಇಲ್ಲ, ಅಗಿಯುವ ಹಲ್ಲೂ ಇಲ್ಲ. ನೀರೊಳ್ಳೆ ಆಗಲಿ, ಕೇರೆ ಆಗಲಿ, ನಾಗರ ಆಗಲಿ, ಇಡಿಯಾಗಿ ನುಂಗುತ್ತದೆ. ಹಾವು ತಿಂದ ಕಪ್ಪೆ ನಿಮಗೆ ಸಿಗುವುದೇ ಇಲ್ಲ. ಉಡ ಕೂಡ ಹಾಗೇ, ಕೊಕ್ಕರೆ ಕೂಡ ಹಾಗೇ. ಅಂದರೆ ನಿಮ್ಮ ಏರಿ ಮೇಲೆ ಬಿದ್ದಿರುವುದು ತಿಂದವರ ಪೂರ್ತಿ ಲೆಕ್ಕ ಅಲ್ಲ. ಚೂರು ಬಿಟ್ಟು ಹೋದವರ ಲೆಕ್ಕ ಮಾತ್ರ.

ನಾನು ಚಿಂಚೋಳಿ ವನ್ಯಧಾಮದ ಅಂಚಿನ ಊರಿನವನು. ಚಂದ್ರಂಪಳ್ಳಿ ನೀರಿನ ಕಡೆ ಮಳೆಗಾಲದಲ್ಲಿ ಇಂಥ ಕಪ್ಪೆ ಬೇಕಾದಷ್ಟು ನೋಡಿದ್ದೇನೆ. ಒಂದು ಅಭ್ಯಾಸ ಮಾಡಿಕೊಳ್ಳಿ: ಯಾರು ಕೊಂದರು ಅಂತ ಮೊದಲು ಕೇಳಬೇಡಿ. ಏನು ಬಿಟ್ಟಿದ್ದಾರೆ ಅಂತ ನೋಡಿ.

ನೆಲಗಪ್ಪೆಯ ಕಣ್ಣಿನ ಹಿಂದೆ, ಎರಡೂ ಕಡೆ, ಅವರೆಕಾಳಿನ ಹಾಗೆ ಉಬ್ಬಿದ ಗಂಟು ಇರುತ್ತದೆ. ಹಿಡಿದು ಒತ್ತಿದರೆ ಹಾಲಿನ ಥರ ಬಿಳಿ ದ್ರವ ಬರುತ್ತದೆ. ಒತ್ತಲು ಹೋಗಬೇಡಿ. ಅದು ವಿಷ. ಬೆನ್ನಿನ ಮೇಲಿನ ಸಣ್ಣ ಗುಳ್ಳೆಗಳಲ್ಲೂ ಇದೆ. ಹೃದಯದ ಬಡಿತಕ್ಕೇ ಕೈ ಹಾಕುವಂಥ ವಿಷ ಅದು. ಹೊಟ್ಟೆಯ ಕಡೆ ಮಾತ್ರ ಚರ್ಮ ತೆಳ್ಳಗೆ, ವಿಷ ಕಡಿಮೆ. ಇದು ಗೊತ್ತಿರುವ ಪ್ರಾಣಿ ಕಪ್ಪೆಯನ್ನು ಮೊದಲು ಅಂಗಾತ ಮಾಡುತ್ತದೆ. ಹೊಟ್ಟೆ ತೆರೆದು ಪಿತ್ತಜನಕಾಂಗ, ಹೃದಯ ತಿಂದು ಉಳಿದದ್ದು ಬಿಟ್ಟು ಹೋಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಅಷ್ಟೊಂದು ಬಿಟ್ಟಿರುವುದು ಹೊಟ್ಟೆ ತುಂಬಿದ್ದಕ್ಕಲ್ಲ, ಬೆನ್ನು ತಿಂದರೆ ಕೆಡುತ್ತದೆ ಅನ್ನುವುದು ಗೊತ್ತಿದ್ದದ್ದಕ್ಕೆ.

ಇದನ್ನು ಮಾಡುವವರು ಸುಮಾರು ಜನ ಇದ್ದಾರೆ. ಕಾಗೆ, ಹೆಗ್ಗಣ, ಇಲಿ, ಮುಂಗುಸಿ. ಒಬ್ಬರಿಂದ ಒಬ್ಬರನ್ನು ಬೇರೆ ಮಾಡಬೇಕಾದರೆ ಹತ್ತಿರ ಕೂತು ನೋಡಬೇಕು. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ನೋಡಿ. ತೂತಿನ ಅಂಚು ಹೇಗಿದೆ? ಕೊಕ್ಕಿನಿಂದ ಕುಕ್ಕಿದ್ದರೆ ಚರ್ಮ ಚುಚ್ಚಿ ಎಳೆದ ಹಾಗೆ ಇರುತ್ತದೆ, ಸುತ್ತ ಒಂದೆರಡು ಗುರಿ ತಪ್ಪಿದ ಕುಕ್ಕುಗಳೂ ಕಾಣಬಹುದು. ಇಲಿ ಹೆಗ್ಗಣ ಆದರೆ ಅಂಚು ಕಡಿದಂತೆ ಇರುತ್ತದೆ, ಎಲುಬಿನ ಮೇಲೆ ಜೋಡಿ ಹಲ್ಲಿನ ಗೀರು ಸಿಗಬಹುದು. ಮುಂಗುಸಿ, ಕಾಡುಬೆಕ್ಕು ಆದರೆ ಬರೀ ತೂತಲ್ಲ, ಎಲುಬು ಮುರಿದಿರುತ್ತದೆ, ಕೋರೆಹಲ್ಲಿನ ಗುರುತು ಕಾಣುತ್ತದೆ.

ಆಮೇಲೆ ಹೊತ್ತು. ಮುಂಗುಸಿ ಹಗಲಿನ ಪ್ರಾಣಿ. ಹೆಗ್ಗಣ ರಾತ್ರಿಯದು. ಕಾಗೆ ಸೂರ್ಯ ಹುಟ್ಟುವ ಮೊದಲೇ ಎದ್ದಿರುತ್ತದೆ. ನೀವು ಎಮ್ಮೆ ಹಿಂಡಿ ಹೋಗುವುದು ಎಷ್ಟು ಗಂಟೆಗೆ? ರಾತ್ರಿ ಮಲಗುವ ಮುಂಚೆ ಒಂದು ಸಲ, ನಸುಕಿನಲ್ಲಿ ಒಂದು ಸಲ ಹೋಗಿ ಎಣಿಸಿ. ಯಾವ ಎರಡು ಎಣಿಕೆಯ ನಡುವೆ ಹೆಣ ಬಿತ್ತು ಅನ್ನುವುದು ಗೊತ್ತಾದರೆ ಅರ್ಧ ಜನ ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ಏರಿ ಮೇಲೆ ಒಲೆ ಬೂದಿ ಜರಡಿ ಹಿಡಿದು ತೆಳ್ಳಗೆ ಉದುರಿಸಿ. ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಇಲಿ ಜಾತಿಗೆ ಮುಂಗಾಲಿನಲ್ಲಿ 4 ಬೆರಳು, ಹಿಂಗಾಲಿನಲ್ಲಿ 5. ಬೆಕ್ಕಿಗೆ 4, ಉಗುರು ಮೂಡುವುದಿಲ್ಲ. ನಾಯಿ ನರಿಗೆ 4, ಉಗುರು ಮೂಡುತ್ತದೆ. ಮುಂಗುಸಿಗೆ 5, ಉದ್ದ ಉಗುರು.

ಬೋನು ಮಾತ್ರ ಬೇಡ. ಮುಂಗುಸಿ, ಉಡ ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿಗಳು. ಕಪ್ಪೆ ಕೇಸು ಹುಡುಕಲು ಹೋಗಿ ನಿಮ್ಮ ಮೇಲೇ ಕೇಸು ಬಿದ್ದೀತು.

---

ಬೋನಾಳ ದಂಡೆ (ಸುರಪುರ)

ನನ್ನ ಓಟು ಕಾಗೆಗೆ. ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡಲು ಎಲ್ಲರೂ ಬರುತ್ತಾರೆ, ಕಾಗೆಯನ್ನು ಯಾರೂ ನೋಡುವುದಿಲ್ಲ. ನಾನು ನೋಡುತ್ತೇನೆ, ಅದು ಪುಕ್ಕಟೆ ಸಿನಿಮಾ.

ನೆಲಗಪ್ಪೆಗೆ ಓಡಲು ಬರುವುದಿಲ್ಲ. ಸಣ್ಣ ಸಣ್ಣ ಕುಪ್ಪಳ ಅಷ್ಟೇ. ಅದರ ಧೈರ್ಯವೆಲ್ಲಾ ಆ ಬೆನ್ನಿನ ವಿಷದ ಮೇಲೆ. ಕಾಗೆ ಹತ್ತಿರ ಬಂದರೆ ಮೈ ಉಬ್ಬಿಸಿ ತಲೆ ತಗ್ಗಿಸಿ ಬೆನ್ನು ತೋರಿಸಿ ಕೂರುತ್ತದೆ. ಕಾಗೆಗೆ ಅದು ಗೊತ್ತು. ಎದುರು ಬರುವುದೇ ಇಲ್ಲ, ಹಿಂದಿನಿಂದ ಬಂದು ಒಂದು ಕಾಲು ಹಿಡಿದು ಮಗುಚಿ ಹಾಕುತ್ತದೆ. ಮುಗಿಯಿತು.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2005ರಲ್ಲಿ ಇದೇ ದೊಡ್ಡ ಸುದ್ದಿಯಾಗಿತ್ತು. ಅಲ್ಟೋನಾ ಅನ್ನುವ ಕಡೆ ಒಂದು ಕೊಳದ ಹತ್ತಿರ ನೆಲಗಪ್ಪೆಗಳು ಬಲೂನಿನ ಹಾಗೆ ಉಬ್ಬಿ ಒಡೆದು ಸಾಯುತ್ತಿದ್ದವು. ಜನ ವೈರಸ್ ಅಂದರು, ನೀರಿನಲ್ಲಿ ಏನೋ ಇದೆ ಅಂದರು. ಕೊನೆಗೆ ಒಬ್ಬ ಪಶುವೈದ್ಯರು ಕಪ್ಪೆಗಳನ್ನು ಕೊಯ್ದು ನೋಡಿದರೆ ಪ್ರತಿಯೊಂದರಲ್ಲೂ ಸಣ್ಣ ಗುಂಡಗಿನ ತೂತು, ಪಿತ್ತಜನಕಾಂಗ ಮಾಯ. ಕಾಗೆ ಅದೊಂದನ್ನೇ ಕಿತ್ತುಕೊಂಡು ಹೋಗಿದೆ. ಕಪ್ಪೆ ಇನ್ನೂ ಜೀವಂತ ಇತ್ತು, ಹೆದರಿ ತನ್ನ ಅಭ್ಯಾಸದಂತೆ ಮೈ ಉಬ್ಬಿಸಿತು, ಒಳಗೆ ಹಿಡಿದಿಡಲು ಏನೂ ಇಲ್ಲದೆ ಒಡೆದುಹೋಯಿತು. ನಿಮ್ಮ ಪಕ್ಕದ ಹೊಲದವರ "ನೀರಿಗೆ ಔಷಧ" ಮಾತು ಕೇಳಿ ಇದೇ ನೆನಪಾಯಿತು.

ಬಿಳಿ ಲೋಳೆಗೂ ಹೆದರಬೇಡಿ. ಹೆಣ್ಣು ಕಪ್ಪೆಯ ಹೊಟ್ಟೆಯಲ್ಲಿ ಮೊಟ್ಟೆಗೆ ಲೋಳೆ ಸುತ್ತುವ ನಾಳ ಇರುತ್ತದೆ. ತಿನ್ನುವವರಿಗೆ ಅದು ಬೇಡ, ಬಿಟ್ಟು ಹೋಗುತ್ತಾರೆ. ಮಳೆ ನೀರೋ ಇಬ್ಬನಿಯೋ ಬಿದ್ದರೆ ಅದು ಸಬ್ಬಕ್ಕಿ ನೆನೆದ ಹಾಗೆ ಹತ್ತು ಪಟ್ಟು ಉಬ್ಬುತ್ತದೆ. ಕಪ್ಪು ಕಾಳು ಮೊಟ್ಟೆ.

---

ದನದ ಆಸ್ಪತ್ರೆ ಹಿಂದಿನ ಓಣಿ (ಭಾಲ್ಕಿ)

ಬಂಡಿ ದಾರಿಯ ಕಪ್ಪೆ ನಾಯಿಯದು. ಪಂದ್ಯ ಕಟ್ಟುತ್ತೇನೆ. ಮರಿ ನಾಯಿ ಒಂದು ಸಲ ಬಾಯಿ ಹಾಕುತ್ತದೆ, ನಾಲಿಗೆ ಉರಿ ಎದ್ದ ತಕ್ಷಣ ಉಗುಳಿ ಬಿಡುತ್ತದೆ. ಅದಕ್ಕೇ ಬೆನ್ನ ಮೇಲೆ ಹಲ್ಲು, ಹೊಟ್ಟೆ ಭದ್ರ. ಅಕ್ಕಪಕ್ಕ ಯಾರ ನಾಯಿಗಾದರೂ ಬಾಯಲ್ಲಿ ನೊರೆ ಬಂದಿತ್ತಾ ಕೇಳಿ ನೋಡಿ.

ನಾಯಿ ಸಾಕಿದವರಿಗೆ ಒಂದು ಮಾತು. ನೊರೆ ಕಂಡರೆ ಗಾಬರಿಯಾಗಿ ಹಾಲು ಕುಡಿಸಲು ಹೋಗಬೇಡಿ. ತಲೆ ಕೆಳಗೆ ಬಾಗಿಸಿ, ಬಾಯಿಯ ಪಕ್ಕದಿಂದ ನೀರು ಹರಿಸಿ ತೊಳೆಯಿರಿ, ನೀರು ಗಂಟಲಿಗೆ ಹೋಗದೆ ಹೊರಗೆ ಬೀಳಬೇಕು. ಒದ್ದೆ ಬಟ್ಟೆಯಿಂದ ವಸಡು ನಾಲಿಗೆ ಒರೆಸಿ. ತೂರಾಡಿದರೆ, ನಡುಕ ಬಂದರೆ ಸೀದಾ ಡಾಕ್ಟರ್ ಹತ್ತಿರ. ನಮ್ಮ ಮನೆ ಕರಿಯ ಒಂದು ಮಳೆಗಾಲದಲ್ಲಿ ಎರಡು ಸಲ ಹಿಡಿದ. ಮೂರನೇ ಸಲ ಕಪ್ಪೆ ಅವನ ತಟ್ಟೆಯಲ್ಲೇ ಬಂದು ಕೂತರೂ ಮೂಸಿ ನೋಡಿ ಹಿಂದೆ ಸರಿದ. ಓದಿದ ನಾಯಿ.

ತೇಲುತ್ತಿದ್ದ ಮೂರರ ಬಗ್ಗೆ ಯಾರೂ ಮಾತಾಡಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಶೀಟ್ ಹಾಸಿದ ಹೊಂಡ ಅಂದಿರಿ. ಗೋಡೆ ಎಷ್ಟು ಕಡಿದಾಗಿದೆ? ಪಾಚಿ ಹಿಡಿದಿದೆಯಾ? ನೆಲಗಪ್ಪೆ ಮೊಟ್ಟೆ ಇಡಲು ನೀರಿಗೆ ಇಳಿಯುತ್ತದೆ ಅಷ್ಟೇ, ಅದು ನೀರಿನಲ್ಲೇ ಬದುಕುವ ಪ್ರಾಣಿ ಅಲ್ಲ. ಜಾರುವ ಪ್ಲಾಸ್ಟಿಕ್ ಹತ್ತಲಾಗದೆ ರಾತ್ರಿಯೆಲ್ಲಾ ಈಜಿ ಈಜಿ ಸುಸ್ತಾಗಿ ಮುಳುಗುತ್ತದೆ. ಹೆಣ್ಣಿನ ಪಾಡು ಇನ್ನೂ ಕಷ್ಟ. ಒಂದು ಗಂಡು ಬೆನ್ನ ಮೇಲೆ ಅಪ್ಪಿಕೊಂಡಿರುತ್ತದೆ, ಅದರ ಮೇಲೆ ಇನ್ನೆರಡು ಬಂದು ಅಪ್ಪಿಕೊಂಡರೆ ಭಾರಕ್ಕೆ ಕೆಳಗಿನದು ಸಾಯುತ್ತದೆ.

ಔಷಧ ಹಾಕಿದ್ದರೆ ಕಪ್ಪೆ ಒಂದೇ ಅಲ್ಲ, ನೀರಿನ ಹುಳು ಹುಪ್ಪಡಿ ಎಲ್ಲಾ ಮೇಲೆ ತೇಲಬೇಕಿತ್ತು. ನೀರಿನ ಮೇಲೆ ಓಡಾಡುವ ಹುಳು ಇವೆಯಾ ನೋಡಿ. ಇದ್ದರೆ ಸಮಾಧಾನ. ಆದರೂ ಸತ್ತ ಕಪ್ಪೆ ನೀರಿನಲ್ಲಿ ಕೊಳೆಯಲು ಬಿಡಬೇಡಿ, ಬಲೆಯಿಂದ ತೆಗೆದು ಹೂಳಿ. ಬರಿಗೈಯಲ್ಲಿ ಮುಟ್ಟಿ ಕಣ್ಣು ಉಜ್ಜಿಕೊಳ್ಳಬೇಡಿ.

---

ಜೇವರ್ಗಿ ಕರಿಮಣ್ಣು

ಸರಿ, ಹಾವಿನ ಮಾತು ವಾಪಸ್ ತೆಗೆದುಕೊಂಡೆ. ಆದರೆ ಒಂದು ಅನುಮಾನ. ಅಷ್ಟು ವಿಷ ಇದ್ದರೆ ಹಾವು ಇಡಿಯಾಗಿ ನುಂಗಿ ಹೇಗೆ ಬದುಕುತ್ತದೆ?

---

ಚಿಂಚೋಳಿ ಅಡವಿ

ಒಳ್ಳೆ ಪ್ರಶ್ನೆ. ನಮ್ಮ ಹಾವುಗಳು ಮತ್ತು ನಮ್ಮ ಕಪ್ಪೆಗಳು ಲಕ್ಷಾಂತರ ವರ್ಷದಿಂದ ಒಂದೇ ಊರಿನವರು. ಆ ವಿಷ ಜೀವಕೋಶದಲ್ಲಿ ಸೋಡಿಯಂ, ಪೊಟ್ಯಾಸಿಯಂ ಅತ್ತಿತ್ತ ದಬ್ಬುವ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಕಪ್ಪೆ ತಿನ್ನುವ ಎಷ್ಟೋ ಹಾವುಗಳಲ್ಲಿ ಆ ಪಂಪಿನ ಆಕಾರವೇ ಸ್ವಲ್ಪ ಬದಲಾಗಿದೆ, ವಿಷ ಸರಿಯಾಗಿ ಅಂಟುವುದಿಲ್ಲ.

ಊರು ಬದಲಾದರೆ ಏನಾಗುತ್ತದೆ ನೋಡಿ. ನಮ್ಮ ಹಿತ್ತಲಿನ ಇದೇ ಜಾತಿ ನೆಲಗಪ್ಪೆ ಏಷ್ಯಾದಿಂದ ಹೇಗೋ ಹಡಗು ಹತ್ತಿ ಮಡಗಾಸ್ಕರ್ ದ್ವೀಪ ಸೇರಿದೆ. 2014ರಲ್ಲಿ ತೊಮಾಸಿನಾ ಬಂದರಿನ ಸುತ್ತ ಅದು ಇರುವುದು ಬೆಳಕಿಗೆ ಬಂತು. ಅಲ್ಲಿನ ಪ್ರಾಣಿಗಳನ್ನು ಪರೀಕ್ಷೆ ಮಾಡಿದರೆ ಹಾವುಗಳೂ ಸೇರಿ ಹೆಚ್ಚುಕಡಿಮೆ ಯಾವುದಕ್ಕೂ ಈ ವಿಷ ತಡೆಯುವ ಶಕ್ತಿ ಇಲ್ಲ. ಆಸ್ಟ್ರೇಲಿಯಾದ ಕಥೆ ಇನ್ನೂ ಹಳೆಯದು. 1935ರಲ್ಲಿ ಕಬ್ಬಿನ ಹುಳು ತಿನ್ನಲಿ ಅಂತ ಅಮೆರಿಕದ ಮೂಲದ ಬೇರೆ ಜಾತಿ ದೊಡ್ಡ ನೆಲಗಪ್ಪೆಯನ್ನು ಹವಾಯಿಯಿಂದ ತಂದು ಬಿಟ್ಟರು. ಹುಳ ಹಾಗೇ ಉಳಿಯಿತು, ಕಪ್ಪೆ ದೇಶ ತುಂಬಿತು, ತಿಂದ ಉಡಗಳು ರಾಶಿ ರಾಶಿ ಸತ್ತವು. ಆದರೆ ಅಲ್ಲಿ ರಕಾಲಿ ಅಂತ ಒಂದು ನೀರಿಲಿ ಇದೆ. ಅದು ಎದೆಯ ಹತ್ತಿರ ಸಣ್ಣದಾಗಿ ಕೊಯ್ದು ಪಿತ್ತಕೋಶ ಬದಿಗೆ ತೆಗೆದಿಟ್ಟು ಹೃದಯ, ಪಿತ್ತಜನಕಾಂಗ ಮಾತ್ರ ತಿನ್ನುವುದನ್ನು ಕಲಿತುಬಿಟ್ಟಿದೆ. ದೊಡ್ಡ ಕಪ್ಪೆ ಸಿಕ್ಕರೆ ಹಿಂಗಾಲಿನ ಚರ್ಮ ಸುಲಿದು ತೊಡೆ ಮಾಂಸವನ್ನೂ ತಿನ್ನುತ್ತದಂತೆ.

ಆ ಪೈಜಾಮ ಕಪ್ಪೆ ಓದಿದಾಗಿನಿಂದ ನನಗೆ ಇದೇ ತಲೆಯಲ್ಲಿ ಓಡುತ್ತಿದೆ. ಯುರೋಪಿನಲ್ಲಿ ನೀರುನಾಯಿಯೂ ಹೀಗೆ ಕಾಲು ಸುಲಿಯುತ್ತದೆ. ಹುಮನಾಬಾದ್ ಹೊಲದ ಹೊಂಡಕ್ಕೆ ನೀರುನಾಯಿ ಎಲ್ಲಿಂದ ಬರಬೇಕು. ಹೆಗ್ಗಣದ ಬಿಲ ಇದೆಯಾ ಏರಿಯಲ್ಲಿ?

---

ಸುಮ್ನೆ ಓದುವವ

ಎಲ್ಲರೂ ಕಾಗೆ ಕಾಗೆ ಅಂತಿದ್ದೀರಿ. ಕಾಗೆ ಸತ್ತದ್ದನ್ನೂ ತಿನ್ನುತ್ತದೆ ಅಲ್ವಾ? ಹೊಂಡದಲ್ಲಿ ಮುಳುಗಿ ಸತ್ತದ್ದು ದಡಕ್ಕೆ ಬಂದಿರಬಹುದು, ಕಾಗೆ ಬಂದು ಕುಕ್ಕಿರಬಹುದು. ತಿಂದವನೇ ಕೊಂದವನು ಅಂತ ಹೇಗೆ ಹೇಳುತ್ತೀರಿ? ಮುಂಜಾನೆ ಬಿದ್ದ ಹೆಣ ನೋಡಿ ತೀರ್ಪು ಕೊಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾರಾದರೂ ಕೂತು ನೋಡಬೇಕು.

---

ಬೋನಾಳ ದಂಡೆ (ಸುರಪುರ)

ಮಾತು ಒಪ್ಪಿದೆ. ಸ್ವಲ್ಪ ಸುಳಿವು ಹೆಣದಲ್ಲೇ ಇರುತ್ತದೆ. ಜೀವ ಇದ್ದಾಗ ಕುಕ್ಕಿದರೆ ತೂತಿನ ಸುತ್ತ ಚರ್ಮದ ಒಳಗೆ ರಕ್ತ ಹೆಪ್ಪುಗಟ್ಟಿ ಕೆಂಪಗಿರುತ್ತದೆ. ಸತ್ತ ಮೇಲೆ ಕುಕ್ಕಿದರೆ ಅಂಚು ಬೆಳ್ಳಗೆ. ಆದರೆ ಮಳೆಯಲ್ಲಿ ನೆನೆದ ಹೆಣದಲ್ಲಿ ಇದನ್ನು ನಂಬಲಾಗದು. ಕೂತು ನೋಡುವುದಕ್ಕೆ ಸಮ ಯಾವುದೂ ಇಲ್ಲ.

---

ಬೇವಿನಕಟ್ಟೆ (ಹುಮನಾಬಾದ್ ತಾಲೂಕು, ಬೀದರ್)

ಕೂತು ನೋಡಿದೆ. ಮೂರು ರಾತ್ರಿ. ಹೆಂಡತಿ ಹೇಳುವ ಪ್ರಕಾರ ನನಗೆ ತಲೆ ಕೆಟ್ಟಿದೆ.

ಮೊದಲ ರಾತ್ರಿ 10 ಗಂಟೆಗೆ ಹೋದೆ. ಬ್ಯಾಟರಿ ಬಿಟ್ಟರೆ ಏರಿ ತುಂಬಾ ಕಪ್ಪೆ, ಕಣ್ಣು ಮಿಣಮಿಣ ಹೊಳೆಯುತ್ತವೆ. ಎಲ್ಲಾ ಜೀವಂತ. 1 ಗಂಟೆಗೆ ಹೋದಾಗ ಒಂದು ನೀರೊಳ್ಳೆ ಹಾವು ನೀರಂಚಿನಲ್ಲಿ ತಲೆ ಎತ್ತಿ ನಿಂತಿತ್ತು. ಕಾಕಾನ ನಾಗರ ಇದೇ ಇರಬೇಕು. ಬೆಳಗಿನ ಜಾವ 4:30ಕ್ಕೆ ಎಣಿಸಿದೆ, ಏರಿ ಮೇಲೆ ಒಂದೂ ಹೆಣ ಇಲ್ಲ. ಬೂದಿಯಲ್ಲಿ ಬರೀ ಕಪ್ಪೆ ಹೆಜ್ಜೆ, ಒಂದು ಕಡೆ ಹಾವು ಹರಿದ ಗೆರೆ. ಮನೆಗೆ ಬಂದು ಚಹಾ ಕುಡಿದು ಎಮ್ಮೆ ಹಿಂಡಿ 6:30ಕ್ಕೆ ಹೋದರೆ 5 ಹೆಣ. ಅಂದರೆ ಆ ಎರಡು ತಾಸಿನಲ್ಲೇ.

ಎರಡನೇ ದಿನ ಎಮ್ಮೆ ಕೆಲಸ ತಮ್ಮನಿಗೆ ಒಪ್ಪಿಸಿ 5 ಗಂಟೆಗೆ ಬೇವಿನ ಮರದ ಬುಡದಲ್ಲಿ ಗೋಣಿಚೀಲ ಹೊದ್ದು ಕೂತೆ. 5:20ರ ಹೊತ್ತಿಗೆ, ಇನ್ನೂ ಕೈರೇಖೆ ಕಾಣದ ಬೆಳಕು, ಎರಡು ಕಾಗೆ ಬಂದವು. ಕಾ ಅನ್ನಲಿಲ್ಲ. ಹಾಳಾದವು ಒಂದು ಮಾತೂ ಆಡದೆ ಬಂದವು. ಏರಿಯ ಮೂಡಣ ಮೂಲೆಯಲ್ಲಿ ಕಪ್ಪೆಗಳು ಹೊರಗೆ ಬರುತ್ತಿದ್ದವು, ಅಲ್ಲಿ ಶೀಟ್ ಸ್ವಲ್ಪ ಮಡಚಿ ಹಿಡಿತ ಇದೆ. ಒಂದು ಕಾಗೆ ಅಲ್ಲಿ ಕಾದು ನಿಂತಿತು. ಕಪ್ಪೆ ಒಂದು ಏದುಸಿರು ಬಿಡುತ್ತಾ ಮೇಲೆ ಬಂತು, ಕೂತಿತು. ಕಾಗೆ ಬಳಸಿಕೊಂಡು ಹಿಂದೆ ಬಂದು ಹಿಂಗಾಲು ಕಚ್ಚಿ ಜಗ್ಗಿ ಮಗುಚಿತು. ಕಪ್ಪೆ ಒದ್ದಾಡಿ ಸರಿಯಾಗಿ ಕೂತಿತು. ಮತ್ತೆ ಮಗುಚಿತು. ಮೂರನೇ ಸಲ ಒಂದು ಕಾಲು ಅದರ ಗದ್ದದ ಮೇಲೆ ಊರಿ ಎದೆಯ ಕೆಳಗೆ ನಾಲ್ಕೈದು ಸಲ ಕುಕ್ಕಿತು. ಕೆಂಪಗೆ ಏನೋ ಕಿತ್ತಿತು, ನುಂಗಿತು. ನುಂಗಿ ಆದ ಮೇಲೆ ಕೊಕ್ಕನ್ನು ಮಣ್ಣಿಗೆ ಎಡಕ್ಕೊಂದು ಸಲ, ಬಲಕ್ಕೊಂದು ಸಲ ಒರೆಸಿಕೊಂಡಿತು, ರೊಟ್ಟಿ ತಿಂದು ಕೈ ಒರೆಸಿಕೊಂಡ ಹಾಗೆ. ಎಲ್ಲಾ ಸೇರಿ ಎರಡು ನಿಮಿಷ ಇಲ್ಲ. ಕಪ್ಪೆಯ ಮುಂಗಾಲು ಆಮೇಲೂ ಸ್ವಲ್ಪ ಹೊತ್ತು ಗಾಳಿ ಹಿಡಿಯುತ್ತಿತ್ತು. ಅದನ್ನು ನೋಡಬಾರದಿತ್ತು ಅನ್ನಿಸಿತು.

ಸುಮ್ನೆ ಓದುವವರೇ, ನಿಮ್ಮ ಅನುಮಾನ ನಿಜಕ್ಕೂ ಸರಿ ಇತ್ತು, ಆದರೆ ಇದು ಜೀವಂತ ಕಪ್ಪೆ. ಕಣ್ಣಾರೆ ಕಂಡೆ.

ನಾಯಿ ವಿಷಯವೂ ಸರಿಯಾಯಿತು. ಪಕ್ಕದ ಹೊಲದ ಮರಿ ನಾಯಿ ಆ ದಿನವೇ ನೊರೆ ಕಾರಿತ್ತಂತೆ. ಅದಕ್ಕೇ ಅವರು ನೀರಿಗೆ ಔಷಧ ಅಂತ ಹೇಳಿದ್ದು, ನಮ್ಮ ಹೊಂಡದ ನೀರು ಕುಡಿದು ಹೀಗಾಯಿತು ಅಂದುಕೊಂಡಿದ್ದರು. ನೀರಿನ ಮೇಲೆ ಓಡಾಡುವ ಹುಳು ಬೇಕಾದಷ್ಟಿವೆ. ಎಮ್ಮೆ ಆರಾಮ ಇವೆ.

ಈಗ ನನ್ನದೇ ತಪ್ಪು ಹೇಳುತ್ತೇನೆ. ಮೇ ತಿಂಗಳಲ್ಲಿ ಏರಿ ಮೇಲಿನ ಹುಲ್ಲು ಕಲ್ಲು ಎಲ್ಲಾ ತೆಗೆಸಿ ಸಾಪು ಮಾಡಿಸಿದ್ದೆ, ಚೆಂದ ಕಾಣಲಿ ಅಂತ. ಶೀಟ್ ಗೋಡೆ ಜಾರುತ್ತದೆ. ಕಪ್ಪೆಗಳು ರಾತ್ರಿಯೇ ಹೊರಗೆ ಬರಬೇಕಾದವು ಹತ್ತಲಾಗದೆ ಬೆಳಗಿನವರೆಗೂ ಒದ್ದಾಡುತ್ತವೆ, ಬೆಳಕು ಹರಿಯುವ ಹೊತ್ತಿಗೆ ಸುಸ್ತಾಗಿ ಆ ಒಂದೇ ಮೂಲೆಯಿಂದ ಒಂದೊಂದಾಗಿ ಬರುತ್ತವೆ. ಮೇಲೆ ಬಂದರೆ ಅಡಗಲು ಒಂದು ಕಲ್ಲೂ ಇಲ್ಲ. ಕಾಗೆಗೆ ನಾನೇ ಎಲೆ ಹಾಕಿ ಬಡಿಸಿದ ಹಾಗಾಗಿದೆ.

---

ದನದ ಆಸ್ಪತ್ರೆ ಹಿಂದಿನ ಓಣಿ (ಭಾಲ್ಕಿ)

ಹಳೆ ಗೋಣಿಚೀಲ ಒಂದಕ್ಕೊಂದು ಹೊಲಿದು ಉದ್ದ ಪಟ್ಟಿ ಮಾಡಿ, ಮೇಲೆ ಗೂಟಕ್ಕೆ ಕಟ್ಟಿ ಕೆಳಗೆ ನೀರಿನವರೆಗೆ ಇಳಿಬಿಡಿ. ನಾಲ್ಕೂ ಮೂಲೆಗೆ ಒಂದೊಂದು. ತೆಂಗಿನ ನಾರಿನ ಹಗ್ಗದ ಬಲೆ ಇದ್ದರೆ ಇನ್ನೂ ಒಳ್ಳೆಯದು, ಬೇಗ ಕೊಳೆಯುವುದಿಲ್ಲ. ಕಪ್ಪೆಗೆ ಅಷ್ಟೇ ಅಲ್ಲ, ಆಡಿನ ಮರಿ ಜಾರಿ ಬಿದ್ದರೂ ಕಾಲಿಗೆ ಹಿಡಿತ ಸಿಗುತ್ತದೆ. ಮಕ್ಕಳು ಓಡಾಡುವ ಹೊಲವಾದರೆ ಸುತ್ತ ಬೇಲಿ ಹಾಕುವುದು ಮಾತ್ರ ಮರೆಯಬೇಡಿ, ಗೋಣಿ ನಂಬಿ ಕೂರಬೇಡಿ.

---

ಚಿಂಚೋಳಿ ಅಡವಿ

ಮೇಲೆ ಪಟ್ಟಿ ಮುಗಿಯುವ ಕಡೆ ಕಲ್ಲಿನ ಗುಡ್ಡೆ ಹಾಕಿ. ಬಂಡಿಯಷ್ಟು ಬೇಡ, ಎರಡು ಬುಟ್ಟಿ ಸಾಕು. ಸಂದು ಇರಬೇಕು, ಕಾಗೆ ಕೊಕ್ಕು ಹೋಗಬಾರದು. ಕಾಗೆ ಓಡಿಸಲು ಪಟಾಕಿ ಗಿಟಾಕಿ ಬೇಡ, ಎರಡು ದಿನಕ್ಕೆ ಅವಕ್ಕೆ ಅಭ್ಯಾಸವಾಗುತ್ತದೆ. ಈ ಜಾತ್ರೆಯೂ ಕೆಲವೇ ದಿನದ್ದು, ಮೊಟ್ಟೆ ಇಟ್ಟಾದ ಮೇಲೆ ಕಪ್ಪೆಗಳೇ ಹೊಲಕ್ಕೆ ಚದುರಿ ಹೋಗುತ್ತವೆ.

---

ಬೇವಿನಕಟ್ಟೆ (ಹುಮನಾಬಾದ್ ತಾಲೂಕು, ಬೀದರ್)

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಗೋಣಿ ಪಟ್ಟಿ ನಾಲ್ಕು ಹಾಕಿದೆ, ಕಲ್ಲು ಹಾಕಿದೆ. ಹಾಕಿದ ರಾತ್ರಿಯೇ ಬ್ಯಾಟರಿ ಹಿಡಿದು ನೋಡಿದರೆ ಪಟ್ಟಿ ಮೇಲೆ ಸಾಲು ಹಿಡಿದು ಹತ್ತುತ್ತಿವೆ, ಒಂದರ ಬೆನ್ನ ಮೇಲೆ ಇನ್ನೊಂದು ಕೂತೇ ಹತ್ತುತ್ತಿದೆ, ಇಳಿಯುವ ಮಾತಿಲ್ಲ. ಮೊದಲ ಮುಂಜಾನೆ 2 ಹೆಣ, ಆಮೇಲೆ ಒಂದು, ಆಮೇಲೆ ಇಲ್ಲ. ತೇಲುವುದು ಪೂರ್ತಿ ನಿಂತಿದೆ. ಮಳೆ ಹಿಡಿದದ್ದರಿಂದ ಕಪ್ಪೆಗಳೂ ಕಡಿಮೆಯಾಗಿವೆ, ಹಾಗಾಗಿ ಎಲ್ಲಾ ಗೋಣಿಯ ಪುಣ್ಯ ಅಂತ ಹೇಳಲಾರೆ. ಕಾಗೆ ಎರಡೂ ಈಗಲೂ ಬರುತ್ತವೆ, ಕಲ್ಲಿನ ಗುಡ್ಡೆ ಮೇಲೆ ಕೂತು ಸಂದಿಯಲ್ಲಿ ಒಂದೇ ಕಣ್ಣು ಇಟ್ಟು ನೋಡುತ್ತವೆ.

ನೀರಿನಲ್ಲಿ ಮೊಟ್ಟೆಯ ಸರ ಕಂಡೆ, ಕರಿಮಣಿ ಸರ ಇದ್ದ ಹಾಗೇ, ಮಾರುದ್ದ. ಈಗ ಮೂಲೆ ತುಂಬಾ ಕರ್ರಗೆ ಬಾಲದ ಮರಿ.

ಏರಿಯ ಹೊರಗಡೆ, ತೊಗರಿ ಸಾಲಿನ ಕಡೆ, ಹೆಗ್ಗಣದ ಬಿಲ ಎರಡು ಇವೆ ನಿಜ. ಬಿಲದ ಬಾಯಿಯಲ್ಲಿ ಬೂದಿ ಹಾಕಿದೆ. ಹೆಜ್ಜೆ ಬಿತ್ತು, ಮುಂದೆ 4 ಹಿಂದೆ 5, ಚಿಂಚೋಳಿಯವರು ಹೇಳಿದ ಹಾಗೇ. ಆದರೆ ಅದು ಕಪ್ಪೆ ಹಿಡಿದದ್ದನ್ನು ನಾನು ನೋಡಿಲ್ಲ, ಪೈಜಾಮ ಕಳಚಿದ ಕಪ್ಪೆ ಮತ್ತೆ ಸಿಕ್ಕೂ ಇಲ್ಲ. ಅಪ್ಪ ಮಾತ್ರ ಇನ್ನೂ ಮುಂಗುಸಿ ಅಂತಲೇ ಇದ್ದಾನೆ.